ಶಾಲೆ ಬಿಟ್ಟ ಹುಡುಗನ ಹುಚ್ಚು ಧೈರ್ಯ, ಮನೆಯಲ್ಲಿ ಸುಮ್ಮನಿರುವ ತಂಗಿ

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಈಗ 16 ವರ್ಷ. ಹೋದ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡೂ ಹೋದವು. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಭಾವ ತೀರಿಕೊಂಡು ಮೂರು ವರ್ಷವಾಯಿತು, ಅಕ್ಕ ಕೂಲಿಗೆ ಹೋಗುತ್ತಾಳೆ. ಹುಡುಗ ಸಿಂಧನೂರಿನಲ್ಲಿ ಬೈಕ್ ಗ್ಯಾರೇಜಿಗೆ ಸೇರಿದ್ದಾನೆ. ರಾತ್ರಿ ಹತ್ತಾದರೂ ಮನೆಗೆ ಬರುವುದಿಲ್ಲ. ಗಿರಾಕಿಗಳ ಬೈಕ್ ತೆಗೆದುಕೊಂಡು ಗೆಳೆಯರ ಜೊತೆ ಕಾಲುವೆ ರಸ್ತೆಯಲ್ಲಿ ವೀಲಿಂಗ್ ಮಾಡುತ್ತಾನಂತೆ. ಗುಟ್ಕಾ ಬೇರೆ. ಬುದ್ಧಿ ಹೇಳಿದರೆ 'ಸತ್ತರೆ ಸಾಯ್ತೀನಿ ಬಿಡು ಮಾಮಾ' ಅಂತಾನೆ. ಅವನ ತಂಗಿಗೆ 14, ಎಂಟನೇ ತರಗತಿ ಮುಗಿಸಿ ಮನೆಯಲ್ಲೇ ಇದ್ದಾಳೆ. ಅವಳದೇನೂ ತೊಂದರೆ ಇಲ್ಲ. ಈ ಹುಡುಗನನ್ನು ದಾರಿಗೆ ತರುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ವೀಲಿಂಗ್‌ಗಿಂತ ಮೊದಲು ಗಮನ ಕೊಡಬೇಕಾದ ಎರಡು ಮಾತುಗಳಿವೆ. ಒಂದು, 'ಸತ್ತರೆ ಸಾಯ್ತೀನಿ ಬಿಡು.' ಇನ್ನೊಂದು, 'ತಂಗಿಯದೇನೂ ತೊಂದರೆ ಇಲ್ಲ.'

ಮೊದಲನೆಯದನ್ನು ಈ ವಾರವೇ ವಿಚಾರಿಸಿ. ಅದು ಬರೀ ಸಿಟ್ಟಿನ ಮಾತಿರಬಹುದು, ಇಲ್ಲದೆಯೂ ಇರಬಹುದು, ಕೇಳದೆ ತಿಳಿಯದು. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಹಾಗೇನೂ ಆಗುವುದಿಲ್ಲ. 'ಅವತ್ತು ಸಾಯ್ತೀನಿ ಅಂದಿಯಲ್ಲ, ನಿಜವಾಗಲೂ ಬದುಕು ಸಾಕು ಅನಿಸಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?' ಎಂದು ತಗ್ಗಿದ ದನಿಯಲ್ಲಿ ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. 'ಹೌದು' ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಅವನನ್ನು ಒಬ್ಬನನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅವನ ಜೊತೆ ಕೂತೇ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮರುದಿನವೇ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಅವನು ಏನೇ ಉತ್ತರ ಕೊಡಲಿ, ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿ ಇದ್ದರೆ ಇವತ್ತೇ ಹೊರಗೆ ಸಾಗಿಸಿ. ಭತ್ತದ ಸೀಮೆಯಲ್ಲಿ ಅಟ್ಟದ ಮೇಲೊಂದು ಅರ್ಧ ಬಾಟಲಿ ಉಳಿದಿರುವುದು ಸಾಮಾನ್ಯ. ಈ ವಯಸ್ಸಿನವರಲ್ಲಿ ಇಂಥ ಕೆಟ್ಟ ಗಳಿಗೆ ಎಷ್ಟೋ ಸಲ ಕೆಲವೇ ನಿಮಿಷಗಳದ್ದು. ಆಗ ಕೈಗೆ ಏನೂ ಸಿಗದಿದ್ದರೆ ಗಳಿಗೆ ದಾಟಿಹೋಗುತ್ತದೆ. ಯಾರಾದರೂ ಕುಡಿದೇಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂದು ವೈದ್ಯರಿಗೆ ಅದರಿಂದಲೇ ಗೊತ್ತಾಗುವುದು.

ಇನ್ನು ಅವನ ಧೈರ್ಯದ ವಿಷಯ. ಹದಿನಾರರ ಹುಡುಗನಿಗೆ ಅಪಾಯ ಅರ್ಥವಾಗುವುದಿಲ್ಲ ಎಂದುಕೊಂಡು ನಾವು ಉಪದೇಶ ಶುರು ಮಾಡುತ್ತೇವೆ. ಅವನಿಗೆ ಅರ್ಥವಾಗಿರುತ್ತದೆ. ಶಾಂತವಾಗಿ ಕೂರಿಸಿ ಕೇಳಿದರೆ ವೀಲಿಂಗ್‌ನಲ್ಲಿ ಏನೇನು ಮುರಿಯುತ್ತದೆ ಎಂದು ನಿಮಗಿಂತ ಚೆನ್ನಾಗಿ ಹೇಳುತ್ತಾನೆ, ಗ್ಯಾರೇಜಿನಲ್ಲಿ ಮುರಿದ ಬೈಕುಗಳನ್ನು ದಿನಾ ನೋಡುತ್ತಾನಲ್ಲ. ಗೆಳೆಯರು ನೋಡುತ್ತಿದ್ದಾಗ ಈ ಲೆಕ್ಕ ಬದಲಾಗುತ್ತದೆ. 2005ರಲ್ಲಿ ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ 13ರಿಂದ 16ರವರು, 18ರಿಂದ 22ರವರು ಮತ್ತು 24 ದಾಟಿದವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಿದ್ದರು. ಒಬ್ಬರೇ ಆಡಿದಾಗ ಮೂರೂ ಗುಂಪುಗಳ ನಡುವೆ ದೊಡ್ಡ ಅಂತರ ಇರಲಿಲ್ಲ. ಪಕ್ಕದಲ್ಲಿ ಗೆಳೆಯರನ್ನು ನಿಲ್ಲಿಸಿದಾಗ ಚಿಕ್ಕವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು, ದೊಡ್ಡವರದು ಹೆಚ್ಚು ಕಡಿಮೆ ಹಾಗೇ ಇತ್ತು. ಆದ್ದರಿಂದ ಅಪಾಯದ ಬಗ್ಗೆ ಭಾಷಣ ಮಾಡಿ ಪ್ರಯೋಜನ ಕಡಿಮೆ. ಯಾರ ಜೊತೆ, ಎಷ್ಟು ಹೊತ್ತಿಗೆ, ಯಾವ ಬೈಕು ಎಂಬ ಮೂರರಲ್ಲಿ ಒಂದನ್ನು ಬದಲಿಸಿದರೂ ಹೆಚ್ಚು ಪ್ರಯೋಜನ.

ಶಾಲೆಗೆ ಹೋಗುವ ಹುಡುಗನಿಗೂ ಒತ್ತಡ ಇದ್ದೇ ಇರುತ್ತದೆ. ಆದರೆ ಆ ಒತ್ತಡಕ್ಕೆ ಒಂದು ತಾರೀಕು ಉಂಟು: ಪರೀಕ್ಷೆ ಮುಗಿಯುತ್ತದೆ, ರಜೆ ಬರುತ್ತದೆ, ಮುಂದಿನ ತರಗತಿ ಬರುತ್ತದೆ. ಶಾಲೆ ಬಿಟ್ಟವನ ಒತ್ತಡಕ್ಕೆ ಕೊನೆಯ ದಿನವೇ ಇಲ್ಲ. ಅಪ್ಪ ಇಲ್ಲದ ಮನೆ, ಅಮ್ಮನ ಕೂಲಿ, ಮಾಲೀಕನ ಬೈಗುಳ, ಪಿಯುಸಿ ಸೇರಿದ ಗೆಳೆಯ ಎದುರಾದಾಗಿನ ಅವಮಾನ, ಇವೆಲ್ಲ ನಾಳೆಯೂ ಹಾಗೇ ಇರುತ್ತವೆ. ಹಣದ ಚಿಂತೆಯೇ ಯೋಚಿಸುವ ಶಕ್ತಿಯನ್ನು ತಿಂದುಬಿಡುತ್ತದೆ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಬುದ್ಧಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ, ಕಟಾವಾಗಿ ಹಣ ಬಂದ ಮೇಲೆ ಚೆನ್ನಾಗಿ ಮಾಡಿದ್ದರು. ದೊಡ್ಡವರ ಗತಿಯೇ ಹೀಗಿರುವಾಗ ಹುಡುಗನಿಗೆ ಮುಂದಿನ ವರ್ಷದ ಬಗ್ಗೆ ಯೋಚಿಸು ಎಂದರೆ ಅವನು ಎಲ್ಲಿಂದ ಯೋಚಿಸಬೇಕು? ಅವನಿಗೆ ಶಹಬ್ಬಾಸ್ ಸಿಗುವ ಜಾಗ ಸದ್ಯಕ್ಕೆ ಆ ಕಾಲುವೆ ರಸ್ತೆಯೊಂದೇ. ಬೇರೊಂದು ಜಾಗ ಕೊಡದೆ ಅದನ್ನು ಕಿತ್ತುಕೊಂಡರೆ ಕಣ್ಣಿಗೆ ಬೀಳದ ಇನ್ನೊಂದು ರಸ್ತೆ ಹುಡುಕಿಕೊಳ್ಳುತ್ತಾನೆ.

ಬಿದ್ದವರು ಮತ್ತೆ ಎದ್ದು ನಿಲ್ಲುತ್ತಾರೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಜಗಳ, ತಂದೆ ತಾಯಿಯ ಕಾಯಿಲೆ ಹೀಗೆ ಹಲವು ಕಷ್ಟಗಳು ಒಟ್ಟಿಗೆ ಬಂದ ಮಕ್ಕಳಲ್ಲೂ ಮೂರರಲ್ಲೊಂದು ಪಾಲು ಸಮರ್ಥರಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದದ್ದು, ಕೈಬಿಡದೆ ಜೊತೆ ನಿಂತ ಒಬ್ಬ ಹಿರಿಯರು: ಅಜ್ಜಿ, ಮಾವ, ಮೇಷ್ಟ್ರು, ಯಾರಾದರೂ ಸರಿ. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಬಹಳ ಮಂದಿ ಮೂವತ್ತು, ನಲವತ್ತರ ಹೊತ್ತಿಗೆ ಸರಿಹೋಗಿದ್ದರು, ಓದಿಗೋ ಕೆಲಸಕ್ಕೋ ಎರಡನೇ ಅವಕಾಶ ಸಿಕ್ಕಿದ ಮೇಲೆ. ನಿಮ್ಮ ಹುಡುಗನಿಗೆ ಆ ಹಿರಿಯರು ನೀವೇ ಆಗಬಹುದು. ಬೈದರೂ 'ಬಿಡು ಮಾಮಾ' ಎಂದು ನಿಮ್ಮ ಹತ್ತಿರ ಮಾತಾಡುತ್ತಾನಲ್ಲ, ಆ ಬಾಗಿಲು ಇನ್ನೂ ಮುಚ್ಚಿಲ್ಲ.

ಮಾತಿಗೆ ಒಂದು ಕ್ರಮ ಇದೆ. ಎದುರು ಬದುರು ಕೂರಿಸಿ ವಿಚಾರಣೆ ಮಾಡಬೇಡಿ, ಗೆಳೆಯರ ಮುಂದಂತೂ ಬೇಡವೇ ಬೇಡ. ನಿಮ್ಮ ಬೈಕಿನ ಚೈನ್ ಬಿಗಿ ಮಾಡಿಕೊಡು ಎಂದು ಮನೆಗೆ ಕರೆಯಿರಿ. ಕೈ ಕೆಲಸದಲ್ಲಿದ್ದಾಗ ಬಾಯಿ ಬಿಡುತ್ತಾನೆ. ವಾರಕ್ಕೆ ಎರಡು ಸಲ, ಹದಿನೈದು ನಿಮಿಷ ಸಾಕು, ಆದರೆ ತಪ್ಪಿಸಬೇಡಿ. ಹದಿಹರೆಯದವರ ಆಪ್ತಸಮಾಲೋಚಕರು ಹಗುರವಾದದ್ದನ್ನು ಮೊದಲು, ಭಾರವಾದದ್ದನ್ನು ಕೊನೆಗೆ ಕೇಳುತ್ತಾರೆ: ಮನೆ ಹೇಗಿದೆ, ಕೆಲಸ ಹೇಗಿದೆ, ಊಟ ನಿದ್ದೆ ಹೇಗೆ, ಸಂಜೆ ಏನು ಮಾಡುತ್ತೀ, ಗೆಳೆಯರು ಗುಟ್ಕಾ, ಕುಡಿತ ಏನಾದರೂ ಮಾಡುತ್ತಾರಾ, ಆಮೇಲೆ ನೀನು, ಪ್ರೀತಿ ಗೀತಿ ಏನಾದರೂ ಇದೆಯಾ, ಮನಸ್ಸು ಹೇಗಿದೆ. ಸಾವಿನ ಮಾತಾಡಿರುವುದರಿಂದ ಆ ಕೊನೆಯ ಪ್ರಶ್ನೆಯನ್ನು ಮುಂದಿನ ವಾರಕ್ಕೆ ಉಳಿಸಬೇಡಿ. ಉಳಿದವು ಒಂದೇ ದಿನ ಮುಗಿಯಬೇಕಿಲ್ಲ. ಮಾತು ಕೆಡುವುದು ಸಾಮಾನ್ಯವಾಗಿ ಮೊದಲ ವಾಕ್ಯದಲ್ಲೇ: 'ಪರೀಕ್ಷೆ ಯಾವಾಗ ಕಟ್ತೀಯ?', 'ನಿಮ್ಮಮ್ಮನ ಮುಖ ನೋಡು', 'ಅವರ ಮಗ ನೋಡು ಡಿಪ್ಲೊಮಾ ಸೇರಿದ'. ಈ ಮೂರನ್ನೂ ಮೂರು ತಿಂಗಳು ಮನೆಯಲ್ಲಿ ಯಾರೂ ಆಡಬಾರದು ಎಂದು ಅಕ್ಕನಿಗೂ ಹೇಳಿ. ಹೊಡೆಯುವುದು, ಫೋನ್ ಕಿತ್ತುಕೊಳ್ಳುವುದು, ಪರಿಚಯದ ಪೊಲೀಸರಿಂದ ಹೆದರಿಸುವುದು, ಇವುಗಳಿಂದ ಒಂದು ವಾರ ಮನೆ ತಣ್ಣಗಾಗಬಹುದು. ಆಮೇಲೆ ಅವನು ಸುಳ್ಳು ಹೇಳಲು ಕಲಿಯುತ್ತಾನೆ, ಅಪಘಾತವಾದರೂ ನಿಮಗೆ ಫೋನ್ ಮಾಡುವುದಿಲ್ಲ.

ಆ ಫೋನ್ ಬರಬೇಕೆಂದರೆ ಒಂದು ಒಪ್ಪಂದ ಮಾಡಿಕೊಳ್ಳಿ. 'ಎಷ್ಟು ಹೊತ್ತಾಗಿರಲಿ, ಎಲ್ಲೇ ಇರು, ನೀನು ಕುಡಿದಿರು, ಓಡಿಸುವವನು ಕುಡಿದಿರಲಿ, ಫೋನ್ ಮಾಡು. ಬಂದು ಕರಕೊಂಡು ಹೋಗ್ತೀನಿ. ಅವತ್ತು ಒಂದು ಮಾತೂ ಕೇಳಲ್ಲ, ಮರುದಿನ ಮಾತಾಡೋಣ.' ಮೊದಲ ಸಲ ಅವನು ಕರೆದಾಗ ನೀವು ನಡೆದುಕೊಳ್ಳುವ ರೀತಿಯ ಮೇಲೆ ಎರಡನೇ ಕರೆ ನಿಂತಿದೆ. ಗೆಳೆಯರ ಮುಂದೆ ಮರ್ಯಾದೆ ಉಳಿಸಿಕೊಂಡು ಜಾರಿಕೊಳ್ಳಲು ಒಂದು ನೆಪವನ್ನೂ ಇಬ್ಬರೂ ಸೇರಿ ಮೊದಲೇ ಹುಡುಕಿಡಿ. 'ಬೆಳಿಗ್ಗೆ ಎಂಟಕ್ಕೆ ಮಾಲೀಕ ಮೀಟರ್ ರೀಡಿಂಗ್ ನೋಡ್ತಾನೆ' ಎಂಬುದು 'ನನಗೆ ಭಯ' ಎಂಬುದಕ್ಕಿಂತ ಹೇಳಲು ಸುಲಭ. ಸಾಧ್ಯವಾದರೆ ಅದು ನಿಜವೂ ಆಗಲಿ.

ಅದಕ್ಕೇ ಗ್ಯಾರೇಜ್ ಮಾಲೀಕನನ್ನು ನೀವೊಮ್ಮೆ ಕಾಣಬೇಕು, ಜಗಳಕ್ಕಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 18 ತುಂಬದವನು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, ₹25,000 ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ಗಿರಾಕಿಯ ಬೈಕಿನಲ್ಲಿ ಇವನು ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಗಾಡಿ ಮಾಲೀಕರಿಂದಲೇ ವಸೂಲು ಮಾಡಬಹುದು. ಇಷ್ಟು ತಿಳಿದ ಗ್ಯಾರೇಜಿನವನು ಟ್ರಯಲ್ ನೋಡಲು ಇವನ ಕೈಗೆ ಕೀ ಕೊಡುವುದಿಲ್ಲ. ರಾತ್ರಿ ಕೀಗಳೆಲ್ಲ ಡ್ರಾಯರಿನಲ್ಲಿ ಬೀಗದೊಳಗಿರಲಿ ಎಂದು ಕೇಳಿಕೊಳ್ಳಿ. ಬೈಕಿನ ಹಿಂದೆ ಕೂತಾಗಲೂ ಹೆಲ್ಮೆಟ್ ಕಡ್ಡಾಯ ಮಾಡಿ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ಟು ಸಾವಿನ ಸಂಭವವನ್ನು ಶೇ 42ರಷ್ಟು, ತಲೆಯ ಗಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ. ಗಲ್ಲದ ಪಟ್ಟಿ ಹಾಕದಿದ್ದರೆ ಅದು ಬಿದ್ದ ಕೂಡಲೇ ಹಾರಿಹೋಗುತ್ತದೆ.

ಕೆಲಸದ ಹೊತ್ತಿನ ಬಗ್ಗೆಯೂ ಅಲ್ಲೇ ಮಾತಾಡಿ. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಯಲ್ಲಿ 14ರಿಂದ 18ರವರಿಗೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ಬಿಡುವೂ ಸೇರಿ ದಿನಕ್ಕೆ ಒಟ್ಟು 6 ಗಂಟೆ, 3 ಗಂಟೆಗೊಮ್ಮೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ಓವರ್‌ಟೈಮ್ ಇಲ್ಲ. ಹೊತ್ತಿಕೊಳ್ಳುವ, ಸಿಡಿಯುವ ವಸ್ತುಗಳ ಕೆಲಸಕ್ಕೆ ಅವರನ್ನು ಹಚ್ಚುವಂತೆಯೇ ಇಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಇಳಿಸುವುದು, ಸ್ಪ್ರೇ ಪೇಂಟ್, ವೆಲ್ಡಿಂಗ್ ಇವನ ಪಾಲಿಗೆ ಬರಬಾರದು. ಏಳಕ್ಕೆ ಬಿಟ್ಟರೆ ಏಳೂವರೆಗೆ ಊಟ, ಆಮೇಲೆ ಮುಕ್ಕಾಲು ಗಂಟೆ ಓದು, ಹತ್ತೂವರೆಯೊಳಗೆ ನಿದ್ದೆ ಸಾಧ್ಯ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆದರೆ ದೇಹದ ಗಡಿಯಾರ ತಾನಾಗಿಯೇ ತಡಕ್ಕೆ ಸರಿದಿರುತ್ತದೆ. ನಿದ್ದೆಗೆಟ್ಟವನಲ್ಲಿ ಸಿಡುಕು, ಆತುರ, ಹುಂಬತನ ಮೂರೂ ಹೆಚ್ಚು. ವೀಲಿಂಗ್ ಬಿಡಿಸುವುದಕ್ಕೆ ಮುಂಚೆ ನಿದ್ದೆ ಸರಿಪಡಿಸಿ ಎಂದರೆ ವಿಚಿತ್ರ ಎನಿಸಬಹುದು. ನನ್ನ ಅಭಿಪ್ರಾಯದಲ್ಲಿ ಅದೇ ಅತಿ ಅಗ್ಗದ ಔಷಧ.

ಗುಟ್ಕಾ ಒಮ್ಮೆಗೇ ಬಿಡಿಸಲು ಹೊರಟರೆ ಮೊದಲ ಮೂರು ನಾಲ್ಕು ದಿನ ತಲೆನೋವು, ಸಿಟ್ಟು, ಚಡಪಡಿಕೆ ಜೋರಾಗಿರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಜಗಳಕ್ಕೆ ಬಂದರೆ ಅದು ನಿಕೋಟಿನ್ ಜಗಳ ಎಂದುಕೊಂಡು ಬಿಟ್ಟುಬಿಡಿ. ಬಾಯಿಗೆ ಸೋಂಪು, ಲವಂಗ ಕೊಡಿ. ಬರೀ ಅಡಿಕೆಯೂ ಬೇಡ, ಅದೂ ಬಾಯಿಯ ಕ್ಯಾನ್ಸರಿಗೆ ಕಾರಣ. ಬಾಯಿ ಅಗಲ ತೆರೆಯಲು ಬಿಗಿ ಎನಿಸಿದರೆ, ಖಾರ ತಿಂದರೆ ಉರಿದರೆ ದಂತವೈದ್ಯರಿಗೆ ತೋರಿಸಿ. ಗುಟ್ಕಾಕ್ಕಿಂತ ನನಗೆ ಹೆಚ್ಚು ಆತಂಕ ಪಂಕ್ಚರ್ ಸೊಲ್ಯೂಷನ್ ಮತ್ತು ಥಿನ್ನರಿನದು. ಬಟ್ಟೆಗೆ ಹಚ್ಚಿ ಮೂಸುವುದು ಗ್ಯಾರೇಜ್ ಹುಡುಗರ ಗುಂಪಿನಲ್ಲಿ ಸುಲಭವಾಗಿ ಹಬ್ಬುತ್ತದೆ. ಹಣ ಬೇಕಿಲ್ಲ, ಕೈಯಳತೆಯಲ್ಲೇ ಇರುತ್ತದೆ. ಇವುಗಳ ಆವಿ ಹೃದಯದ ಬಡಿತವನ್ನೇ ಕೆಡಿಸಿ ಮೊದಲ ಸಲವೇ ಪ್ರಾಣ ತೆಗೆಯಬಲ್ಲದು. ಮೂಗು ಬಾಯಿಯ ಸುತ್ತ ಕೆಂಪು ಗುಳ್ಳೆ, ತೊದಲು, ಕೆಲಸವಿಲ್ಲದ ದಿನವೂ ಬಟ್ಟೆಗೆ ಪೇಂಟ್ ವಾಸನೆ ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಓದಿನ ಬಾಗಿಲು ಅವನು ತಿಳಿದಷ್ಟು ಭದ್ರವಾಗಿ ಮುಚ್ಚಿಲ್ಲ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೋದ ವಿಷಯಗಳನ್ನಷ್ಟೇ ಕಟ್ಟಿದರೆ ಸಾಕು, ಪಾಸಾದವು ಹಾಗೇ ಉಳಿಯುತ್ತವೆ. ಅರ್ಜಿ ಹಾಕಬೇಕಾದದ್ದು ಅವನು ಓದಿದ ಶಾಲೆಯ ಮೂಲಕವೇ. ಬಹಳ ಹುಡುಗರು ಎಡವುವುದು ಇಲ್ಲೇ: ಫೇಲಾದ ಶಾಲೆಯ ಗೇಟು ಮತ್ತೆ ದಾಟುವ ನಾಚಿಕೆ. ನೀವೇ ಹೋಗಿ ಮುಖ್ಯೋಪಾಧ್ಯಾಯರನ್ನು ಮೊದಲು ಕಂಡು ಬನ್ನಿ, ತರಗತಿ ನಡೆಯದ ಹೊತ್ತಿಗೆ ಅವನನ್ನು ಕರೆದೊಯ್ಯಿರಿ. ಎರಡೂ ವಿಷಯ ಒಟ್ಟಿಗೆ ಬೇಡ. ಮೊದಲ ಪರೀಕ್ಷೆಗೆ ಯಾವುದು ಪಾಸಿಗೆ ಹತ್ತಿರವಿತ್ತೋ ಅದನ್ನೇ ಹಿಡಿಯಲಿ. ಗಣಿತವಾದರೆ ಇಡೀ ಪುಸ್ತಕ ತೆರೆಯಬೇಕಿಲ್ಲ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ, ಮಧ್ಯಾಂಕ, ಬಹುಲಕ, ಸಮಾಂತರ ಶ್ರೇಢಿ ಇಷ್ಟನ್ನು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ದಿನಕ್ಕೆ 40 ನಿಮಿಷ ತಿದ್ದಿದರೆ ಪಾಸಿನ ಅಂಕ ದೂರವಲ್ಲ. ಒಂದು ವಿಷಯ ಪಾಸಾದ ಹುಡುಗ ಎರಡನೆಯದಕ್ಕೆ ತಾನೇ ಕೂರುತ್ತಾನೆ. ಓದು ಬೇಡವೇ ಬೇಡ ಎಂದರೆ ವೆಲ್ಡರ್, ಪ್ಲಂಬರ್, ವೈರ್‌ಮನ್‌ನಂಥ ಐಟಿಐ ವೃತ್ತಿಗಳಿಗೆ ಎಂಟನೇ ತರಗತಿ ಪಾಸಾಗಿದ್ದರೂ ಸೇರಬಹುದು. ಗ್ಯಾರೇಜಿನ ಕೆಲಸವನ್ನು ಹೀನಾಯವಾಗಿ ಕಾಣಬೇಡಿ. ಎಂಜಿನ್ ಬಿಚ್ಚಿ ಕಟ್ಟುವವನ ಕೈಯಲ್ಲಿ ವಿದ್ಯೆ ಇದೆ, ಅದಕ್ಕೊಂದು ಸರ್ಟಿಫಿಕೇಟ್ ಬೇಕಷ್ಟೆ. ಸಂಬಳದ ಒಂದು ಪಾಲಿಗೆ ಅಂಚೆ ಕಚೇರಿಯಲ್ಲಿ ಅವನ ಹೆಸರಿನಲ್ಲೇ ಖಾತೆ ತೆರೆಸಿ. ಹತ್ತು ವರ್ಷ ದಾಟಿದವರು ತಾವೇ ವ್ಯವಹರಿಸಬಹುದು, ₹500 ಇದ್ದರೆ ಆರಂಭವಾಗುತ್ತದೆ.

ಈಗ ತಂಗಿ. ಅಣ್ಣನ ಗದ್ದಲದಲ್ಲಿ ಅವಳು ಯಾರ ಕಣ್ಣಿಗೂ ಬಿದ್ದಿಲ್ಲ. ಒತ್ತಡವನ್ನು ಹುಡುಗರು ಹೊರಗೆ ಎಸೆದರೆ ಹುಡುಗಿಯರು ಬಹಳ ಸಲ ಒಳಗೇ ನುಂಗುತ್ತಾರೆ: ಊಟ ಕಡಿಮೆ, ಮೇಲಿಂದ ಮೇಲೆ ತಲೆನೋವು, ಹೊಟ್ಟೆನೋವು, ಮಾತು ಕಡಿಮೆ. ಮನೆ ಅದನ್ನು 'ಒಳ್ಳೆ ಹುಡುಗಿ' ಎನ್ನುತ್ತದೆ. 14ರಲ್ಲಿ ಮನೆಯಲ್ಲಿ ಕೂತವಳ ಮುಂದಿರುವ ದೊಡ್ಡ ಅಪಾಯ ಮದುವೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ. ಸಂಬಂಧದ ಮಾತು ಎದ್ದಿದ್ದು ಕೇಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಿಳಿಸಬಹುದು. ಆದರೆ ಅವಳನ್ನು ನಿಜವಾಗಿ ಕಾಯುವುದು ಒಂಬತ್ತನೇ ತರಗತಿ. ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಟಿಸಿ ಕೊಟ್ಟು ಸೇರಿಸಿ. ಶಾಲೆ ದೂರ, ಮನೆಗೆಲಸ ಹೆಚ್ಚು ಎಂದು ಬಿಟ್ಟಿದ್ದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಕೇಳಿ. ಸೇರುವವರೆಗೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ದಿನಕ್ಕೊಂದು ಗಂಟೆ ಹೋಗಿಬರಲಿ. ಶಾಲೆಯಲ್ಲಿ ಇಲ್ಲದ ಹೆಣ್ಣುಮಕ್ಕಳಿಗೆ ಅಂಗನವಾಡಿಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಸಿಗುತ್ತದೆ, ವರ್ಷಕ್ಕೆ ಎರಡು ಸಲ ಜಂತುಹುಳದ ಮಾತ್ರೆ. ಊಟವಾದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ವಾಕರಿಕೆ ಬಂದು ಬಿಟ್ಟುಬಿಡುವವರೇ ಹೆಚ್ಚು. ರಕ್ತಹೀನತೆಯ ಸುಸ್ತನ್ನು ಮನೆಯವರು ಸೋಮಾರಿತನ ಎಂದು ಬೈಯುತ್ತಿರುತ್ತಾರೆ, ಅದನ್ನೂ ಗಮನಿಸಿ.

ಇಬ್ಬರನ್ನೂ ಒಮ್ಮೆ ಸ್ನೇಹ ಕ್ಲಿನಿಕ್‌ಗೆ ಕರೆದೊಯ್ಯಿರಿ, ಒಂದೇ ದಿನ ಬೇಡ. 10ರಿಂದ 19 ವರ್ಷದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಈ ಕ್ಲಿನಿಕ್‌ನಲ್ಲಿ ಹಣವಿಲ್ಲ, ಮಾತು ಗುಟ್ಟಾಗಿರುತ್ತದೆ. ಆಪ್ತಸಮಾಲೋಚಕರು ಯಾವ ದಿನ ಇರುತ್ತಾರೆ ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿಕೊಂಡು ಹೋಗಿ, ಇಲ್ಲದ ದಿನ ಹೋಗಿ ವಾಪಸು ಬಂದ ಹುಡುಗ ಎರಡನೇ ಸಲ ಹೊರಡುವುದಿಲ್ಲ. ಎರಡು ವಾರಕ್ಕೂ ಮೀರಿ ಸಿಟ್ಟು ಇಲ್ಲವೇ ಮಂಕು, ನಿದ್ದೆ ಊಟ ಕೆಟ್ಟು, ಇಷ್ಟದ ಕೆಲಸವೂ ಬೇಡವಾಗಿದ್ದರೆ ಅದು ಖಿನ್ನತೆ ಇರಬಹುದು. ಹುಡುಗರಲ್ಲಿ ಅದು ಅಳುವಾಗಿ ಬರುವುದಕ್ಕಿಂತ ರೇಗಾಟವಾಗಿ ಬರುವುದು ಹೆಚ್ಚು. ಒಳಗೆ ಮಾತಾಡುವಾಗ ನೀವು ಹೊರಗೆ ಕಾಯಿರಿ. ಬಂದ ಮೇಲೆ 'ಏನು ಕೇಳಿದರು' ಎನ್ನಬೇಡಿ, ಮುಂದಿನ ಭೇಟಿಯ ತಾರೀಕನ್ನಷ್ಟೇ ಕೇಳಿ ಬರೆದಿಟ್ಟುಕೊಳ್ಳಿ.